ಕಡ್ಡಿಯ ಕಟ್ಟು ಬಿಚ್ಚಲು ಬಿಡಿ

ಒಂದು, ಎರಡನೇ ತರಗತಿಯ ಮಕ್ಕಳಿಂದ ಪುಟಗಟ್ಟಲೆ ನಕಲು ಬರೆಸುವುದನ್ನೇ ಕಲಿಕೆ ಎಂದುಕೊಂಡಿದ್ದೇವೆ. ಆ ವಯಸ್ಸಿಗೆ ಮಣಿಕಟ್ಟಿನ ಎಲುಬುಗಳೂ ಪೂರ್ತಿ ಬಲಿತಿರುವುದಿಲ್ಲ.

32ರಲ್ಲಿ 15 ಕಳೆಯುವ ಲೆಕ್ಕ ನನ್ನ ಮಗಳಿಗೆ ಎಷ್ಟು ದಿನವಾದರೂ ಹತ್ತಿರಲಿಲ್ಲ. ‘ಪಕ್ಕದಿಂದ ಸಾಲ ತಗೋ’ ಎಂದು ನಾನೂ ಗದರಿದ್ದೆ. ಪೋಷಕರ ಸಭೆಯ ದಿನ ಟೀಚರ್ ನನ್ನೆದುರೇ ಹತ್ತತ್ತು ಕಡ್ಡಿಗಳ ಮೂರು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದಿಟ್ಟರು. ಎರಡರಲ್ಲಿ ಐದು ತೆಗೆಯುವುದು ಹೇಗೆ? ತುಸು ಹೊತ್ತು ಸುಮ್ಮನೆ ಕೂತವಳು, ಯಾರೂ ಹೇಳದೆಯೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಬಿಡಿ ಕಡ್ಡಿ ಹನ್ನೆರಡಾದವು!

ಇದಕ್ಕೆ ಹೊತ್ತು ಹಿಡಿಯುತ್ತದೆ, ತರಗತಿಯಲ್ಲಿ ಗದ್ದಲವೂ ಆಗುತ್ತದೆ. ನೋಟ್‌ಬುಕ್ ತುಂಬಿಲ್ಲವೆಂದು ಪೋಷಕರಾದ ನಾವು ಶಿಕ್ಷಕರನ್ನು ದೂರುವುದು ಬೇಡ. ದಿನಕ್ಕೊಂದು ಪೀರಿಯಡ್ಡಾದರೂ ಶಾಲೆಗಳು ಇಂಥ ಚಟುವಟಿಕೆಗೆ ಮೀಸಲಿಡಲಿ.

– ಒಬ್ಬ ತಾಯಿ