ಸೂರ್ಯನ ಮೇಲೆ ನಮಗೆ ದೂರಿಲ್ಲ, ಸಚಿವರೇ: ಅಬರ್ಡೀನ್‌ನಿಂದ ಒಂದು ಬಹಿರಂಗ ಪತ್ರ

ಯುನೈಟೆಡ್ ಕಿಂಗ್‌ಡಮ್‌ನ ಇಂಧನ ಭದ್ರತೆ ಮತ್ತು ನೆಟ್ ಝೀರೋ (ನಿವ್ವಳ ಶೂನ್ಯ ಇಂಗಾಲ) ಇಲಾಖೆಯ ಮಾನ್ಯ ಸಚಿವರಿಗೆ,

ಸವಿನಯ ವಂದನೆಗಳು.

ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ವಾಸವಾಗಿರುವ, ಒಂದು ತಿಂಗಳೂ ವಿದ್ಯುತ್ ಬಿಲ್ ಬಾಕಿ ಉಳಿಸಿಕೊಳ್ಳದ ಗ್ರಾಹಕಿಯಾದ ನಾನು ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು: ಮನೆಯ ಚಾವಣಿಯಿಂದ ಗ್ರಿಡ್‌ಗೆ ಹರಿಯುವ ಪ್ರತಿ ಯೂನಿಟ್ ವಿದ್ಯುತ್ತಿಗೆ, ಅದು ಹರಿಯತೊಡಗಿದ ಮೊದಲ ದಿನದಿಂದಲೇ, ನಿಯಮದಲ್ಲಿಯೇ ಗೊತ್ತುಪಡಿಸಿದ ಒಂದು ಕನಿಷ್ಠ ದರ ಸಿಗುವಂತೆ ಮಾಡಿ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಈ ದೇಶದಲ್ಲಿ ನೆಲೆಸಿರುವ ಕನ್ನಡದ ಮನೆಗಳವರು ಸೌರ ಫಲಕ ಹಾಕಿಸುವ ಮುನ್ನ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿರುತ್ತಾರೆ, ಅವರೂ ಇದನ್ನು ಓದಲೆಂಬುದು ನನ್ನ ಆಸೆ. ಅನುವಾದ ಮಾಡಿಸಿಕೊಳ್ಳುವ ಅನುಕೂಲ ತಮಗೆ ಇದ್ದೇ ಇರುತ್ತದೆ.

ಅವರೆಲ್ಲರ ಪ್ರಶ್ನೆ ಒಂದೇ. 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇಲ್ಲಿನವರು ಹಾರ್ ಎಂದು ಕರೆಯುವ ಕಡಲ ಮಂಜು ಮಧ್ಯಾಹ್ನದವರೆಗೂ ಬೀದಿ ಬಿಟ್ಟು ಕದಲದ ಊರಿನಲ್ಲಿ, ಡಿಸೆಂಬರ್ ಬಂತೆಂದರೆ ಮೂರೂವರೆಗೆಲ್ಲ ಕತ್ತಲಾಗುವ ನಾಡಿನಲ್ಲಿ ಸೌರ ಫಲಕ ದುಡ್ಡಿಗೆ ದಂಡವಲ್ಲವೇ? ಅಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ದಕ್ಷಿಣಕ್ಕೆ ಮುಖವಿರುವ ಚಾವಣಿಯ ಮೇಲೆ ಒಂದು ಕಿಲೋವ್ಯಾಟ್‌ನ ಫಲಕಗಳು ಅಬರ್ಡೀನ್‌ನಲ್ಲಿ ವರ್ಷಕ್ಕೆ ಸುಮಾರು 850ರಿಂದ 900 ಯೂನಿಟ್ ಕೊಡುತ್ತವೆ. ಲಂಡನ್ನಿನಲ್ಲಿ ಅದು 950ರಿಂದ 1,000ದಷ್ಟು. ಬೆಂಗಳೂರಿನಲ್ಲಿ 1,400ಕ್ಕೂ ಮೇಲು, ಆ ಮಾತು ಬಿಡಿ. ಡಿಸೆಂಬರಿನಲ್ಲಿ ಸಿಗುವುದು ಜೂನ್ ತಿಂಗಳ ಆರನೇ ಒಂದು ಭಾಗಕ್ಕೂ ಕಡಿಮೆ ಎಂಬುದು ನಿಜ. ಆದರೆ ಬೇಸಿಗೆಯಲ್ಲಿ ಹಗಲು ಹದಿನೇಳು ಗಂಟೆ ದಾಟುತ್ತದೆ, ಕಾದು ಸುಡುವ ಚಾವಣಿಯ ಮೇಲೆ ಫಲಕಗಳು ಕಳೆದುಕೊಳ್ಳುವ ಸಾಮರ್ಥ್ಯ ಇಲ್ಲಿನ ತಂಪಿನಲ್ಲಿ ಉಳಿಯುತ್ತದೆ. ಆದ್ದರಿಂದ ಸೂರ್ಯನ ಮೇಲೆ ನಮಗೆ ಯಾವ ದೂರೂ ಇಲ್ಲ.

ಲೆಕ್ಕವನ್ನು ತಮ್ಮ ಮುಂದೆಯೇ ಇಡುತ್ತೇನೆ. ನಮ್ಮದು ನಾಲ್ಕು ಕಿಲೋವ್ಯಾಟ್‌ನ ಫಲಕಗಳು. ಚಾವಣಿ ಏರಲು ಅಟ್ಟಣಿಗೆ ಕಟ್ಟಿಸಿದ ಖರ್ಚೂ ಸೇರಿ ತಗುಲಿದ್ದು ಸುಮಾರು 7,000 ಪೌಂಡ್. ಮೌಲ್ಯವರ್ಧಿತ ತೆರಿಗೆ (ವ್ಯಾಟ್) ಸೊನ್ನೆಯಾಗಿದ್ದುದು ಸರ್ಕಾರದ ಕೃಪೆ, ಆ ಕೃಪೆಯೂ 2027ರ ಮಾರ್ಚ್ 31ಕ್ಕೆ ಮುಗಿಯಲಿದೆ. ವರ್ಷಕ್ಕೆ 3,400 ಯೂನಿಟ್ ಬಂದರೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದರ ಅರ್ಧವನ್ನು ಬಳಸಿಕೊಂಡರೆ ಹೆಚ್ಚು, ಉಳಿದರ್ಧ ಗ್ರಿಡ್‌ಗೆ ಹೋಗುತ್ತದೆ. ನಾವು ಕೊಳ್ಳುವ ಯೂನಿಟ್‌ನ ಬೆಲೆ 26 ಪೆನ್ಸ್ ಎಂದಿಟ್ಟುಕೊಂಡರೆ, ಬಳಸಿದ ಅರ್ಧದಿಂದ ಉಳಿಯುವುದು 442 ಪೌಂಡ್. ಗ್ರಿಡ್‌ಗೆ ಕೊಟ್ಟ ಅರ್ಧಕ್ಕೆ ಯೂನಿಟ್‌ಗೆ 15 ಪೆನ್ಸ್ ಸಿಕ್ಕರೆ ಹಾಕಿದ ಹಣ ಹತ್ತು ವರ್ಷಕ್ಕೆ ತಿರುಗಿ ಬರುತ್ತದೆ. ನಾಲ್ಕು ಪೆನ್ಸ್ ಸಿಕ್ಕರೆ ಹೆಚ್ಚುಕಡಿಮೆ ಹದಿನಾಲ್ಕು ವರ್ಷ. ಏನೂ ಸಿಗದಿದ್ದರೆ ಹದಿನಾರು ವರ್ಷ, ಅಷ್ಟರಲ್ಲಿ ಫಲಕದ ವಿದ್ಯುತ್ತನ್ನು ಮನೆಬಳಕೆಗೆ ಒಗ್ಗಿಸುವ ಇನ್ವರ್ಟರ್ ಒಮ್ಮೆ ಬದಲಾಯಿಸುವ ಕಾಲವೂ ಬಂದಿರುತ್ತದೆ. ಇದೇ ಫಲಕಗಳನ್ನು ಲಂಡನ್ನಿಗೆ ಸಾಗಿಸಿದರೆ, ಹಣ ತಿರುಗಿ ಬರುವ ಕಾಲದಲ್ಲಿ ಉಳಿತಾಯವಾಗುವುದು ಒಂದು ವರ್ಷ ಮಾತ್ರ. ಉತ್ತರದಲ್ಲಿ ಹುಟ್ಟುಹಾಕಿಕೊಂಡ ಸಂಸಾರಕ್ಕೆ ಸೂರ್ಯ ವಿಧಿಸುವ ದಂಡ ಒಂದು ವರ್ಷವಾದರೆ, ದರದ ಪಟ್ಟಿ ವಿಧಿಸುವ ದಂಡ ನಾಲ್ಕರಿಂದ ಆರು ವರ್ಷ.

2020ರ ಜನವರಿಯಲ್ಲಿ ಜಾರಿಗೆ ಬಂದ ಸ್ಮಾರ್ಟ್ ಎಕ್ಸ್‌ಪೋರ್ಟ್ ಗ್ಯಾರಂಟಿಯ ನಿಯಮಗಳು ತಮಗೆ ಗೊತ್ತಿರುವಂಥವೇ. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರಾಹಕರಿರುವ ಕಂಪನಿ ನಮ್ಮ ವಿದ್ಯುತ್ತಿಗೆ ಒಂದು ದರ ಕೊಡಲೇಬೇಕು, ಆ ದರ ಸೊನ್ನೆಗಿಂತ ಮೇಲಿದ್ದರೆ ಸಾಕು. ಗ್ಯಾರಂಟಿ ಎಂಬ ಹೆಸರಿಟ್ಟವರಿಗೆ ನಮಸ್ಕಾರ! 2010ರಲ್ಲಿ ಚಾವಣಿಗೆ ಫಲಕ ಹಾಕಿಸಿದವರಿಗೆ, ಫೀಡ್-ಇನ್ ಟ್ಯಾರಿಫ್ ಎಂಬ ಹಿಂದಿನ ಯೋಜನೆಯಲ್ಲಿ, ಉತ್ಪಾದಿಸಿದ ಪ್ರತಿ ಯೂನಿಟ್‌ಗೂ 41.3 ಪೆನ್ಸ್‌ನಂತೆ 25 ವರ್ಷಗಳ ಭರವಸೆ ಸಿಕ್ಕಿತ್ತು. ಅದನ್ನು ಮರಳಿ ತನ್ನಿರೆಂದು ನಾನು ಕೇಳುತ್ತಿಲ್ಲ. 2019ರ ಮಾರ್ಚ್‌ನಲ್ಲಿ ಹೊಸಬರಿಗೆ ಮುಚ್ಚಿದ ಆ ಬಾಗಿಲು ಮುಚ್ಚಿಯೇ ಇರಲಿ. ಕಂಪನಿ ಬದಲಾಯಿಸಿಕೊಳ್ಳಬಹುದಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಒಳ್ಳೆಯ ದರಗಳಲ್ಲಿ ಹಲವು ಆಯಾ ಕಂಪನಿಯಿಂದಲೇ ವಿದ್ಯುತ್ ಕೊಳ್ಳುವವರಿಗೆ ಮೀಸಲು, ಮತ್ತು ಬದಲಾಯಿಸುವುದೆಂದರೆ ನೋಂದಣಿಯ ಆ ಕೂಪಕ್ಕೆ ಮತ್ತೊಮ್ಮೆ ಇಳಿಯುವುದು ಎಂದು ಅವರಿಗೆ ದಯವಿಟ್ಟು ತಿಳಿಸಿ.

ಆ ಕೂಪದ ಕಥೆಯನ್ನು ತಾವು ಕೇಳಲೇಬೇಕು. ನಮ್ಮ ಇನ್ವರ್ಟರ್ 3.68 ಕಿಲೋವ್ಯಾಟ್ ಮಿತಿಯೊಳಗಿನದು. ಸಣ್ಣ ಘಟಕಗಳನ್ನು ಗ್ರಿಡ್‌ಗೆ ಜೋಡಿಸುವ ಜಿ98 ಎಂಬ ನಿಯಮದ ಪ್ರಕಾರ ಅಳವಡಿಸಿದವರು 28 ದಿನಗಳೊಳಗೆ ಜಾಲದ ಸಂಸ್ಥೆಗೆ ತಿಳಿಸಿದರೆ ಮುಗಿಯಿತು, ಅವರು ತಿಳಿಸಿದ್ದರು. ಅಳವಡಿಕೆ ಮಾನದಂಡಕ್ಕೆ ತಕ್ಕಂತಿದೆ ಎನ್ನುವ ಎಂಸಿಎಸ್ ಪ್ರಮಾಣಪತ್ರ ಕೈಯಲ್ಲಿತ್ತು. ಮಾರ್ಚ್ ಕೊನೆಯಲ್ಲಿ ಫಲಕಗಳು ಏರಿದವು, ಏಪ್ರಿಲ್‌ನಲ್ಲಿ ಅರ್ಜಿ ಹೋಯಿತು. ನಮ್ಮ ಪೂರೈಕೆ ಕಂಪನಿಯು ಗ್ರಿಡ್‌ಗೆ ಕೊಡುವ ವಿದ್ಯುತ್ತಿನ ಲೆಕ್ಕಕ್ಕೆ ಬೇಕಾದ ಎಕ್ಸ್‌ಪೋರ್ಟ್ ಎಂಪ್ಯಾನ್ ಎಂಬ ಗುರುತಿನ ಸಂಖ್ಯೆಯನ್ನು ಮಾಡಿಸಿಕೊಟ್ಟಿದ್ದು ಅಕ್ಟೋಬರಿನಲ್ಲಿ, ಬಿಸಿಲೆಲ್ಲ ಮುಗಿದ ಮೇಲೆ. ನಡುವೆ ಅವರು ಕೇಳಿದ ಮೀಟರಿನ ಚಿತ್ರಗಳನ್ನೆಲ್ಲ ಕಳಿಸಿದೆವು, ಕಳಿಸಿದ್ದನ್ನೇ ಮತ್ತೆ ಕಳಿಸಿದೆವು. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಸ್ಮಾರ್ಟ್ ಮೀಟರುಗಳು ಮೊಬೈಲ್ ಜಾಲದ ಬದಲು ದೂರವ್ಯಾಪ್ತಿಯ ರೇಡಿಯೋ ಮೂಲಕ ಮಾತಾಡುತ್ತವೆ ಎಂಬುದು ತಮಗೆ ಗೊತ್ತು. ನಮ್ಮ ಮನೆಯ ಗ್ರಾನೈಟ್ ಗೋಡೆಯ ಹಿಂದಿನಿಂದ ಅದರ ಮಾತು ಸರಿಯಾಗಿ ಕೇಳಿಸುತ್ತಿಲ್ಲವೆಂದು ಒಮ್ಮೆ ಹೇಳಿದರು, ಮೀಟರ್ ಚೆನ್ನಾಗಿಯೇ ಮಾತಾಡುತ್ತಿದೆ, ಅರ್ಜಿಯೇ ಸಿಕ್ಕಿಲ್ಲವೆಂದು ಇನ್ನೊಮ್ಮೆ ಹೇಳಿದರು. ಕೊನೆಗೆ ನೋಂದಣಿಯಾಯಿತು. ಅದಕ್ಕೆ ಮುಂಚೆ ಗ್ರಿಡ್‌ಗೆ ಹೋದ ಯೂನಿಟ್‌ಗಳು ಕಂಪನಿಯ ದಾಖಲೆಯಲ್ಲಿಲ್ಲ, ಆದ್ದರಿಂದ ಅವುಗಳಿಗೆ ಹಣವಿಲ್ಲ ಎಂದು ಪತ್ರ ಬಂತು. ನುಂಗಿಕೊಂಡೆವು.

ನವೆಂಬರಿನ ಬಿಲ್ ನೋಡಿದಾಗ ಮಾತ್ರ ನುಂಗಲಾಗಲಿಲ್ಲ. ಹೊಸ ಸಂಖ್ಯೆ ಜೋಡಿಸುವಾಗ ಮೀಟರಿನ ಎರಡು ಲೆಕ್ಕಗಳನ್ನು, ಎಂದರೆ ನಾವು ತೆಗೆದುಕೊಂಡದ್ದು ಮತ್ತು ನಾವು ಕೊಟ್ಟದ್ದನ್ನು, ಯಾರೋ ಅದಲುಬದಲು ಮಾಡಿದ್ದರು. ಪರಿಣಾಮವಾಗಿ, ಬೇಸಿಗೆಯಿಡೀ ನಾವು ಗ್ರಿಡ್‌ಗೆ ಕೊಟ್ಟ ಯೂನಿಟ್‌ಗಳನ್ನೆಲ್ಲ ನಾವೇ ಬಳಸಿದ್ದೇವೆಂದು ತೋರಿಸಿ, ಯೂನಿಟ್‌ಗೆ 26 ಪೆನ್ಸ್‌ನಂತೆ ಮುನ್ನೂರೈವತ್ತು ಪೌಂಡಿನಷ್ಟು ಹೆಚ್ಚುವರಿ ಬಿಲ್ ಬಂತು. ಬ್ಯಾಂಕ್ ಖಾತೆಯಿಂದ ನೇರವಾಗಿ ಕಡಿತವಾಗುವ ಡೈರೆಕ್ಟ್ ಡೆಬಿಟ್ ಮೊತ್ತವನ್ನೂ ಕಂಪನಿಯವರು ತಾವಾಗಿಯೇ ಏರಿಸಿಕೊಂಡರು. ಮಾನ್ಯರೇ, ದಯವಿಟ್ಟು ಗಮನಿಸಿ. ಹಣ ಕೊಡಬೇಕಾದಾಗ ದಾಖಲೆಯಲ್ಲಿ ಇಲ್ಲದಿದ್ದ ಯೂನಿಟ್‌ಗಳು, ಹಣ ವಸೂಲಿ ಮಾಡಬೇಕಾದಾಗ ಒಂದೂ ಬಿಡದೆ ಹಾಜರಾದವು. ನಾವು ಕೊಟ್ಟ ಕರೆಂಟಿಗೆ ನಾವೇ ದುಡ್ಡು ಕೊಡಬೇಕೆಂಬ ನ್ಯಾಯ ಯಾವ ನೆಟ್ ಝೀರೋದಲ್ಲಿದೆ? ಆ ಸೊನ್ನೆ ನಮ್ಮ ಬ್ಯಾಂಕ್ ಖಾತೆಯದೇ ಇರಬೇಕೆಂದು ನನ್ನ ಪತಿ ಹೇಳಿದರು. ಅವರು ಸಾಮಾನ್ಯವಾಗಿ ತಮಾಷೆ ಮಾಡುವವರಲ್ಲ. ಬಿಲ್ ಮುಂದಿನ ವರ್ಷ ಸರಿಯಾಯಿತು. ಬೇಸಿಗೆಯ ಹಣ ಬರಲಿಲ್ಲ, ಬರುವುದೂ ಇಲ್ಲ, ಏಕೆಂದರೆ ಹಿಂದಿನ ದಿನಾಂಕದಿಂದ ಕೊಡಬೇಕೆಂದು ತಮ್ಮ ನಿಯಮ ಅವರಿಗೆ ಹೇಳಿಲ್ಲ.

ಕರ್ನಾಟಕದಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ಅಲ್ಲಿ ಎಸ್ಕಾಂ ಕಚೇರಿಗಳಿಗೆ ಅಲೆದ ಬಂಧುಗಳು ನನಗೂ ಇದ್ದಾರೆ. ಆದರೂ ಅಲ್ಲಿ ಚಾವಣಿಯ ಸೌರ ವಿದ್ಯುತ್ತಿಗೆ ಇಷ್ಟು ದರವೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆದೇಶ ಹೊರಡಿಸುತ್ತದೆ. ದರ ಕಡಿಮೆಯಾಯಿತೆಂದು ಜಗಳವಾಡುವುದಕ್ಕಾದರೂ ಕಾಗದದ ಮೇಲೆ ಒಂದು ಅಂಕಿಯಿರುತ್ತದೆ. ಇಲ್ಲಿ ನಮಗೆ ಜಗಳವಾಡಲೂ ಅಂಕಿಯಿಲ್ಲ.

ಇಂಗ್ಲೆಂಡಿನ ಹೊಸ ಮನೆಗಳಲ್ಲಿ ಬಹುಪಾಲಿನ ಮೇಲೆ ಸೌರ ಫಲಕ ಇರಬೇಕೆಂದು 2025ರಲ್ಲಿ ಸರ್ಕಾರ ಸಾರಿದೆ, ಸಂತೋಷ. ಆ ಚಾವಣಿಗಳ ಕೆಳಗೆ ಬಂದು ನೆಲೆಸುವವರೂ ಇದೇ ಸಾಲಿನಲ್ಲಿ ನಿಲ್ಲಬೇಕೇ? ಗ್ರಿಡ್‌ಗೆ ಕೊಟ್ಟ ವಿದ್ಯುತ್ತಿಗೆ ಕನಿಷ್ಠ ದರ ಗೊತ್ತುಪಡಿಸಿ. ನಾವು ಕೊಳ್ಳುವ ದರದ ಅರ್ಧವಾದರೂ ಆಗಲಿ. ಅರ್ಜಿ ತಲುಪಿದ ಮೇಲೆ ಎಷ್ಟು ವಾರಗಳಲ್ಲಿ ನೋಂದಣಿ ಮುಗಿಯಬೇಕೆಂದು ಬರೆದಿಡಿ. ತಡವಾದರೆ ಆ ತಡದ ನಷ್ಟ ಕಂಪನಿಯದಾಗಲಿ, ಹಣ ಫಲಕ ಚಾಲೂ ಆದ ದಿನದಿಂದ ಲೆಕ್ಕವಾಗಲಿ. ಮೀಟರಿನಲ್ಲಿ ಅಂಕಿ ಇದ್ದೇ ಇದೆ, ಅಳೆಯಲು ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. ಮತ್ತೆ ಹೇಳುತ್ತೇನೆ: ಕನಿಷ್ಠ ದರ, ಮೊದಲ ದಿನದಿಂದ.

ತಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ ಎಂಬ ಒಕ್ಕಣೆಯ ಉತ್ತರ ನನಗೆ ಬೇಡ. ಈ ತಿದ್ದುಪಡಿ ಯಾವ ತಾರೀಕಿನಿಂದ ಜಾರಿಗೆ ಬರುತ್ತದೆ, ಬರುವುದಿಲ್ಲವಾದರೆ ಏಕೆ ಬರುವುದಿಲ್ಲ ಎಂಬುದನ್ನು ಮಾತ್ರ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಅಬರ್ಡೀನ್‌ನ ಒಬ್ಬ ವಿದ್ಯುತ್ ಗ್ರಾಹಕಿ