ಸೇವೆಯ ಒಡೆತನ ಬದಲಾವಣೆ: ಗ್ರಾಹಕರ ಗಮನಕ್ಕೆ

ಮಾನ್ಯ ಗ್ರಾಹಕರೇ,

ಶಿರಸಿ ಪೇಟೆಯ ಕೆಲವು ಅಂಗಡಿಗಳ ಬಿಲ್ಲಿಗೆಂದು ಶುರುವಾಗಿ, ಈಗ ತಮ್ಮೆಲ್ಲರ ಜಿಎಸ್‌ಟಿ ಬಿಲ್ಲು, ಸ್ಟಾಕು ಮತ್ತು ಉದ್ರಿ ಲೆಕ್ಕವನ್ನು ಆನ್‌ಲೈನಿನಲ್ಲಿ ಇಟ್ಟುಕೊಡುತ್ತಿರುವ ಈ ಸೇವೆಯನ್ನು ಕಟ್ಟಿದವರು, ನಾವೆಲ್ಲ ‘ಯಜಮಾನರು’ ಎಂದೇ ಕರೆಯುತ್ತಿದ್ದವರು, ಕಳೆದ ದೀಪಾವಳಿಯ ಮರುವಾರ ಕಾಲವಾದದ್ದು ತಮ್ಮಲ್ಲಿ ಹಲವರಿಗೆ ಗೊತ್ತಿದೆ. ಅಂದಿನಿಂದ ಒಂದು ದಿನವೂ ಬಿಲ್ಲು ನಿಂತಿಲ್ಲ ಎಂದು ಬರೆಯುವ ಆಸೆಯಿತ್ತು, ಬರೆದರೆ ಸುಳ್ಳಾಗುತ್ತದೆ.

ಅವರು ಹೋದ ಎರಡನೇ ತಿಂಗಳು, 90 ದಿನಕ್ಕೊಮ್ಮೆ ನವೀಕರಣವಾಗಬೇಕಾದ ನಮ್ಮ ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು, ಬೆಳಗ್ಗೆ ಅಂಗಡಿ ತೆರೆದವರಿಗೆ ಬಿಲ್ಲಿನ ಬದಲು ಎಚ್ಚರಿಕೆಯ ಪರದೆ ಕಾಣಿಸಿತು. ಸರಿಪಡಿಸುವುದು ಐದು ನಿಮಿಷದ ಕೆಲಸ. ಆದರೆ ಸರ್ವರಿನ ಒಳಹೋಗಲು ಬೇಕಾದ ಓಟಿಪಿ ಯಜಮಾನರ ಹಳೆಯ ಕೀಪ್ಯಾಡ್ ಫೋನಿಗೆ ಬರುತ್ತಿತ್ತು, ಆ ಫೋನು ಅವರ ಮನೆಯ ಕಪಾಟಿನಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು. ಮನೆಯವರು ಹುಡುಕಿ ತಂದುಕೊಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಅದು ಈಗಲೂ ನಮ್ಮ ಮೇಜಿನ ತುದಿಯಲ್ಲಿ ಚಾರ್ಜರಿಗೆ ಸಿಕ್ಕಿಸಿಕೊಂಡೇ ಇದೆ. 90 ದಿನ ಬಳಸದ ಸಿಮ್ಮನ್ನು ಬಂದ್ ಮಾಡಿ ಬೇರೆಯವರಿಗೆ ಕೊಟ್ಟಾರೆಂಬ ಅಂಜಿಕೆಯಿಂದ ವಾರಕ್ಕೊಮ್ಮೆ ಅದರಿಂದ ಒಂದು ಕರೆ ಮಾಡುತ್ತೇವೆ. ತಮ್ಮ ವರ್ಷಗಳ ಲೆಕ್ಕ ಇಂಥದ್ದೊಂದು ಫೋನಿಗೆ ಜೋತುಬಿದ್ದಿತ್ತೆಂಬುದು ನಮಗೂ ಆವತ್ತೇ ತಿಳಿದದ್ದು. ಆ ತಪ್ಪು ನಮ್ಮದು, ಕ್ಷಮೆ ಇರಲಿ.

ಬೇರು ಇನ್ನೂ ಆಳದಲ್ಲಿತ್ತು. ಸೇವೆ ಅವರೊಬ್ಬರ ಹೆಸರಿನ ವ್ಯವಹಾರವಾಗಿದ್ದರಿಂದ ಬ್ಯಾಂಕ್ ಖಾತೆ, ಜಾಲತಾಣದ ವಿಳಾಸ, ಜಿಎಸ್‌ಟಿ ನೋಂದಣಿ ಎಲ್ಲವೂ ಅವರ ಪ್ಯಾನಿಗೆ ಕಟ್ಟಿದ್ದವು. ಹೀಗಾಗಿ ಅವರ ಪತ್ನಿ ಮತ್ತು ಕಚೇರಿಯ ನಾವಿಬ್ಬರು ಸೇರಿ 2008ರ ಕಾಯ್ದೆಯಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಸಂಸ್ಥೆಯೊಂದನ್ನು ನೋಂದಾಯಿಸಿದ್ದೇವೆ. ಪಾಲುದಾರರೊಬ್ಬರು ಇಲ್ಲವಾದರೂ ಕಾನೂನಿನ ಕಣ್ಣಿನಲ್ಲಿ ಸಂಸ್ಥೆ ಉಳಿಯುತ್ತದೆ. ಡಾಟ್ ಇನ್ ವಿಳಾಸವನ್ನು ಅದರ ಹೆಸರಿಗೆ ವರ್ಗಾಯಿಸಿ, ಗರಿಷ್ಠ ಅವಧಿಯಾದ 10 ವರ್ಷಕ್ಕೆ ಹಣ ಕಟ್ಟಿದ್ದೇವೆ. ಸರ್ವರಿನ ಓಟಿಪಿ ಈಗ ಇಬ್ಬರ ಫೋನಿಗೆ ಬರುತ್ತದೆ. ಹಳೆಯ ಫೋನಿಗೆ ಉಳಿದಿರುವುದು ಎರಡೇ ಖಾತೆ. ಅವೂ ವರ್ಗವಾದ ದಿನ ಅದನ್ನು ಮನೆಯವರಿಗೆ ಹಿಂದಿರುಗಿಸುತ್ತೇವೆ.

ಇದರಿಂದ ತಮಗೂ ಸ್ವಲ್ಪ ಕೆಲಸ ಬೀಳುತ್ತದೆ. ಬರುವ 1ನೇ ತಾರೀಖಿನಿಂದ ನಮ್ಮ ಶುಲ್ಕದ ಬಿಲ್ಲಿನಲ್ಲಿ ಹೊಸ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಮೊದಲಿನಂತೆ ಕರ್ನಾಟಕದ 29ರಿಂದಲೇ ಆರಂಭವಾಗುವುದರಿಂದ ಮೇಲ್ನೋಟಕ್ಕೆ ಒಂದೇ ಅನ್ನಿಸಬಹುದು, ಆದರೆ ನಡುವಿನ 10 ಅಕ್ಷರಗಳು ಪ್ಯಾನಿನವಾದ್ದರಿಂದ ಬೇರೆಯಾಗಿವೆ. ತಮ್ಮ ಖರೀದಿ ಲೆಕ್ಕದಲ್ಲಿ ಹಳೆಯದನ್ನೇ ಉಳಿಸಿಕೊಂಡರೆ, ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳುವ ಇನ್‌ಪುಟ್ ಕ್ರೆಡಿಟ್‌ಗೆ ತೊಡಕಾದೀತು. ಶುಲ್ಕ ತಾನಾಗಿ ಕಡಿತವಾಗಲೆಂದು ತಾವು ಕೊಟ್ಟ ಯುಪಿಐ ಆಟೋಪೇ ಒಪ್ಪಿಗೆ ಹೊಸ ಖಾತೆಗೆ ತಾನಾಗಿ ಬರುವುದಿಲ್ಲವಾದ್ದರಿಂದ, ಹಳೆಯದನ್ನು ರದ್ದುಮಾಡಿ ಹೊಸದಾಗಿ ಕೊಡಬೇಕಾಗಿ ಕೋರುತ್ತೇವೆ. ಇದಕ್ಕಾಗಿ ನಮ್ಮ ಕಡೆಯಿಂದ ಯಾರೂ ಫೋನಿನಲ್ಲಿ ಪಿನ್ ಅಥವಾ ಓಟಿಪಿ ಕೇಳುವುದಿಲ್ಲ.

ಶುಲ್ಕ ಏರಿಸಿಲ್ಲ. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡುವ ಹೊಣೆ ಕಾನೂನಿನಂತೆ ತಮ್ಮದಾಗಿರುವುದರಿಂದ, ತಮ್ಮ ಪೂರ್ತಿ ಲೆಕ್ಕವನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳುವ ಗುಂಡಿಯನ್ನು ಮೊದಲ ಪುಟದಲ್ಲೇ ಇಟ್ಟಿದ್ದೇವೆ. ತಿಂಗಳಿಗೊಮ್ಮೆ ಒತ್ತಿ, ಪ್ರತಿಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಿ. ನಮ್ಮನ್ನು ನಂಬಬೇಡಿ ಎಂದಲ್ಲ, ನಮಗೂ ಏನಾದರೂ ಆಗಬಹುದು.

ಇನ್ನೊಂದು ಮಾತು. ಯಜಮಾನರು ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುತ್ತಿದ್ದರು. ನಮ್ಮಿಂದ ಅದು ಆಗದು. ಇನ್ನು ಬೆಳಗ್ಗೆ 9ರಿಂದ ಸಂಜೆ 7ರವರೆಗೆ ಮಾತ್ರ ಸಿಗುತ್ತೇವೆ. ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನು) ಸಲ್ಲಿಸುವ ಗಡಿಬಿಡಿಯಿರುವ 10 ಮತ್ತು 11ನೇ ತಾರೀಖುಗಳಂದು ರಾತ್ರಿ 10ರವರೆಗೂ ಒಬ್ಬರು ಕಚೇರಿಯಲ್ಲಿರುತ್ತೇವೆ.

ತಮ್ಮ ವಿಶ್ವಾಸಿಗಳು,
ಪಾಲುದಾರರು