ಹೆಸರು ಕೇಳದೆ ಉಳಿದ ಆ ತಾಯಿಗೆ

ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದರೂ ರಕ್ತದ ಸಕ್ಕರೆ 280ಕ್ಕಿಂತ ಕೆಳಗಿಳಿಯದೆ, ತೂಕ ಮಾತ್ರ ಇಳಿಯುತ್ತಾ ಹೋದಾಗ, ಪಥ್ಯದಲ್ಲಿ ನಾನೇ ಎಲ್ಲೋ ತಪ್ಪುತ್ತಿದ್ದೇನೆಂಬ ಅಪರಾಧಿ ಭಾವದಿಂದ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿದ್ದ ನಿವೃತ್ತ ದಾದಿಯೊಬ್ಬರು ನನ್ನ ವರದಿಗಳನ್ನು ಸಾವಧಾನವಾಗಿ ಓದಿ, ನಲವತ್ತು ದಾಟಿದವರಿಗೆಲ್ಲ ಎರಡನೇ ವಿಧದ ಮಧುಮೇಹವೇ ಇರಬೇಕೆಂದಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಪಡಿಸುವ ಮೊದಲನೇ ವಿಧವು ವಯಸ್ಕರಲ್ಲಿಯೂ ನಿಧಾನವಾಗಿ ತಲೆದೋರಬಹುದು ಎಂದು ವಿವರಿಸಿದರು. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಶೇಕಡಾ 6.5 ಅಥವಾ ಹೆಚ್ಚಿದ್ದರೆ ಮಧುಮೇಹವಿದೆಯೆಂದು ತಿಳಿಯುತ್ತದೆಯೇ ಹೊರತು ಯಾವ ವಿಧವೆಂದು ತಿಳಿಯುವುದಿಲ್ಲ. ಅದಕ್ಕಾಗಿ, ರಕ್ಷಣಾ ವ್ಯವಸ್ಥೆಯ ಆ ದಾಳಿಯ ಗುರುತಾದ ಜಿಎಡಿ ಪ್ರತಿಕಾಯ ಹಾಗೂ ದೇಹ ತಾನೇ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆಯೆಂದು ತೋರಿಸುವ ಸಿ-ಪೆಪ್ಟೈಡ್ ಪರೀಕ್ಷೆಗಳ ಕುರಿತು ವೈದ್ಯರನ್ನು ಕೇಳಿ ಎಂದರು.

ಅವರು ತಾವಾಗಿ ಯಾವ ಔಷಧವನ್ನೂ ಸೂಚಿಸಲಿಲ್ಲ, ಇರುವ ಮಾತ್ರೆಯನ್ನು ನಿಲ್ಲಿಸಲೂ ಹೇಳಲಿಲ್ಲ. ಆ ಸಂಯಮವನ್ನು ನಾನು ವಿಶೇಷವಾಗಿ ಗೌರವಿಸುತ್ತೇನೆ. ಸಕ್ಕರೆ 240 ಮೀರಿದಾಗ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹ ಕೊಬ್ಬನ್ನು ಕರಗಿಸುವುದರಿಂದ ಉಂಟಾಗುವ ಆಮ್ಲ) ಪರೀಕ್ಷಿಸಿಕೊಳ್ಳಬೇಕು, ಜೊತೆಗೆ ವಾಂತಿಯಾಗಿ ಉಸಿರಾಟ ವೇಗವಾದರೆ ಒಂದು ಗಳಿಗೆಯೂ ಕಾಯದೆ ತುರ್ತು ಚಿಕಿತ್ಸೆಗೆ ಧಾವಿಸಬೇಕು ಎಂದು ನನ್ನ ವರದಿಯ ಹಿಂಬದಿಯಲ್ಲಿ ದುಂಡಗೆ ಬರೆದುಕೊಟ್ಟರು.

ಪರೀಕ್ಷೆಯಲ್ಲಿ ಪ್ರತಿಕಾಯ ಕಂಡುಬಂತು, ಸಿ-ಪೆಪ್ಟೈಡ್ ತೀರಾ ಕಡಿಮೆಯಿತ್ತು. ವೈದ್ಯರು ಇನ್ಸುಲಿನ್ ಆರಂಭಿಸಿದ್ದಾರೆ. ಪ್ರಮಾಣ ಇನ್ನೂ ಹೊಂದಿಕೆಯಾಗುತ್ತಿದೆಯಾದರೂ, ಇಳಿದಿದ್ದ ತೂಕ ಮರಳುತ್ತಿದೆ, ರಾತ್ರಿಯ ಬಾಯಾರಿಕೆ ನಿಂತಿದೆ.

ಅಮ್ಮಾ, ತಪ್ಪು ನನ್ನದಲ್ಲವೆಂದು ಮೊದಲು ಹೇಳಿದವರು ನೀವು. ನಿಮಗೆ ಹೃತ್ಪೂರ್ವಕ ಧನ್ಯವಾದಗಳು. ನೀವು ಬರೆದುಕೊಟ್ಟ ಆ ಹಾಳೆ ಇಂದಿಗೂ ನನ್ನ ಗ್ಲುಕೋಮೀಟರಿನ ಚೀಲದಲ್ಲಿದೆ.